ವಿಳಾಸ ಕೊಟ್ಟವರು ಯಾರು?

ಪ್ರತಿ ವರ್ಷ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಕೊಡಗಿನ ಬೇರೆ ಬೇರೆ ಊರುಗಳಿಂದ ಶಾಲಾ ಕಂಪ್ಯೂಟರ್ ಪ್ರಯೋಗಾಲಯಗಳ ಬಗ್ಗೆ ನನಗೆ ಬರುವ ಕರೆಗಳಲ್ಲಿ ಒಂದು ಮಾತು ಬದಲಾಗುವುದೇ ಇಲ್ಲ. “ಐಪಿ ಬಂದಿದೆ ಸಾರ್, ಬೂಟ್ ಮಾತ್ರ ಆಗುತ್ತಿಲ್ಲ. ಸರ್ವರ್ ಫಾರ್ಮ್ಯಾಟ್ ಮಾಡಿಬಿಡೋಣವೇ?” ಐಪಿ ಎಂದರೆ ಜಾಲದಲ್ಲಿ ಯಂತ್ರಕ್ಕೆ ಸಿಗುವ ವಿಳಾಸ, ಬೂಟ್ ಎಂದರೆ ಯಂತ್ರ ಎದ್ದು ಕೆಲಸಕ್ಕೆ ಸಿದ್ಧವಾಗುವುದು. ಬೇಡ ಎಂದು ನಾನು ಹೇಳುವ ಮೊದಲೇ ಕೆಲವರು ಮಾಡಿ ಮುಗಿಸಿರುತ್ತಾರೆ. ದೋಷವಿದ್ದದ್ದು ಬೇರೆ ಕಡೆ ಆದ್ದರಿಂದ ಆಮೇಲೂ ಬೂಟ್ ಆಗುವುದಿಲ್ಲ. ಮಕ್ಕಳು ವರ್ಷವಿಡೀ ಮಾಡಿಟ್ಟ ಕಡತಗಳು ಮಾತ್ರ ಅಳಿಸಿಹೋಗಿರುತ್ತವೆ. ಆ ಕಡತಗಳ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಲಿನಕ್ಸ್ ಸರ್ವರ್‌ನಲ್ಲಿ ಎಲ್‌ಟಿಎಸ್‌ಪಿ (ಒಂದೇ ಸರ್ವರ್‌ನಿಂದ ಹಲವು ಯಂತ್ರಗಳನ್ನು ಜಾಲದ ಮೂಲಕ ಬೂಟ್ ಮಾಡಿಸುವ ತಂತ್ರಾಂಶ) ಹಾಕಿ, ಡಿಸ್ಕ್ ಇಲ್ಲದೆ ಆ ಸರ್ವರನ್ನೇ ನೆಚ್ಚಿಕೊಂಡ ಥಿನ್ ಕ್ಲೈಂಟ್ ಯಂತ್ರಗಳನ್ನು ಸ್ವಿಚ್‌ಗೆ ಜೋಡಿಸಿ, ಒಮ್ಮೆಯಾದರೂ ಎಲ್ಲವನ್ನೂ ಓಡಿಸಿ ನೋಡಿದ್ದೀರಿ ಎಂದುಕೊಂಡೇ ಮುಂದಕ್ಕೆ ಹೋಗುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. 1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ಯೋಜನೆಯನ್ನು 2019ರಲ್ಲಿ ಹೊಸದಾಗಿ ಬರೆಯಲಾಯಿತು. ಅದಕ್ಕೂ ಹಿಂದಿನ ಕೈಪಿಡಿಗಳ ಆದೇಶಗಳನ್ನು ಈಗಿನ ಸರ್ವರ್ ಮೇಲೆ ಹೊಡೆಯಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. “ಐಪಿ ಬಂದಿದೆ” ಎಂದರೆ ಸರ್ವರ್ ಸರಿಯಾಗಿ ಮಾತನಾಡುತ್ತಿದೆ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಆದರೆ ಥಿನ್ ಕ್ಲೈಂಟ್ ತನ್ನ ಪ್ರಶ್ನೆಯನ್ನು ಕೇಳುವುದು ಸರ್ವರ್ ಒಂದನ್ನೇ ಅಲ್ಲ. ಆ ಜಾಲದಲ್ಲಿ ಇರುವ ಎಲ್ಲರನ್ನೂ ಕೂಗಿ ಕೇಳುತ್ತದೆ. ಡಿಎಚ್‌ಸಿಪಿ, ಅಂದರೆ ಕೇಳಿದ ಯಂತ್ರಗಳಿಗೆ ವಿಳಾಸ ಹಂಚುವ ಸೇವೆ, ನಡೆಸುವ ಯಾರು ಬೇಕಾದರೂ ಅದಕ್ಕೆ ಉತ್ತರ ಕೊಡಬಹುದು. ನಿಮ್ಮ ಸರ್ವರ್ ಕೊಡುವ ಉತ್ತರದಲ್ಲಿ ವಿಳಾಸದ ಜೊತೆಗೆ ಇನ್ನೆರಡು ಸಂಗತಿಗಳು ಇರುತ್ತವೆ: ಬೂಟ್ ಕಡತ ಯಾವ ಯಂತ್ರದಲ್ಲಿದೆ ಎಂಬುದು ಮತ್ತು ಆ ಕಡತದ ಹೆಸರು. ಬ್ರಾಡ್‌ಬ್ಯಾಂಡ್ ರೂಟರ್ ಕೊಡುವ ಉತ್ತರದಲ್ಲಿ ವಿಳಾಸ ಇರುತ್ತದೆ, ಬೂಟ್ ಕಡತದ ಸುದ್ದಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಉತ್ತರವನ್ನು ಹಿಡಿದ ಕ್ಲೈಂಟ್, ವಿಳಾಸವಿದ್ದೂ ಹೋಗಬೇಕಾದ ಜಾಗ ತಿಳಿಯದೆ, ಪರದೆಯ ಮೇಲೆ ಪಿಎಕ್ಸ್‌ಇ-ಇ53 ಎಂದು (ಪಿಎಕ್ಸ್‌ಇ ಎಂದರೆ ಜಾಲದ ಮೂಲಕ ಬೂಟ್ ಆಗುವ ವಿಧಾನ) ಬರೆದು ನಿಂತುಬಿಡುತ್ತದೆ. ಬೂಟ್ ಕಡತದ ಹೆಸರು ಸಿಗಲಿಲ್ಲ ಎಂಬುದೇ ಅದರ ಅರ್ಥ.

ಇಷ್ಟನ್ನು ಹೇಳಿದಾಗ ಬರುವ ಮರುಪ್ರಶ್ನೆ: “ಹಾಗಾದರೆ ಎಲ್ಲ ಯಂತ್ರಗಳೂ ನಿಲ್ಲಬೇಕಿತ್ತಲ್ಲ, ಅರ್ಧದಷ್ಟು ಮಾತ್ರ ನಿಂತದ್ದು ಏಕೆ?” ಪ್ರಶ್ನೆ ಸರಿಯಾಗಿಯೇ ಇದೆ. ಕೆಲವು ಯಂತ್ರಗಳ ಫರ್ಮ್‌ವೇರ್‌ಗಳು (ಯಂತ್ರದೊಳಗೇ ಕೂರಿಸಿದ ಆರಂಭದ ತಂತ್ರಾಂಶ) ಸ್ವಲ್ಪ ಕಾದು, ಬಂದ ಉತ್ತರಗಳಲ್ಲಿ ಬೂಟ್ ಮಾಹಿತಿ ಇರುವುದನ್ನು ಆರಿಸಿಕೊಳ್ಳುತ್ತವೆ; ಇನ್ನು ಕೆಲವು ಮೊದಲು ಬಂದದ್ದನ್ನೇ ಹಿಡಿಯುತ್ತವೆ. ಅದಕ್ಕಿಂತ ಮುಖ್ಯವಾದದ್ದು, ವಿಳಾಸ ಕೇಳುವ ಕೆಲಸ ಒಂದು ಬೂಟ್‌ನಲ್ಲಿ ಒಂದೇ ಸಲ ನಡೆಯುವುದಿಲ್ಲ. ಮೊದಲು ಯಂತ್ರದ ಫರ್ಮ್‌ವೇರ್ ಕೇಳುತ್ತದೆ. ಅದು ತಂದುಕೊಂಡ ಐಪಿಎಕ್ಸ್‌ಇ ಎಂಬ ಸಣ್ಣ ತಂತ್ರಾಂಶ ಹೊಸದಾಗಿ ಮತ್ತೊಮ್ಮೆ ಕೇಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬಂದು ಕುಳಿತ ಮೇಲೆ, ಜಾಲದಲ್ಲಿ ಡಿಸ್ಕ್ ಹಂಚುವ ಎನ್‌ಎಫ್‌ಎಸ್ ಮೂಲಕ ಸರ್ವರ್‌ನ ಡಿಸ್ಕನ್ನು ತಲುಪುವ ಮೊದಲು, ಕರ್ನಲ್ ಜೊತೆಗೆ ಬರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಕಡತಗಳ ಕಟ್ಟು ಮೂರನೆಯ ಸಲ ಕೇಳುತ್ತದೆ. ಜಾಲದಲ್ಲಿ ಉತ್ತರ ಕೊಡುವವರು ಇಬ್ಬರಿದ್ದರೆ ಈ ಮೂರೂ ಸಲ ಯಾರ ಉತ್ತರ ಗೆಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ. ಆದ್ದರಿಂದಲೇ ಒಂದು ಯಂತ್ರ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ, ಪಕ್ಕದ್ದು ಐಪಿಎಕ್ಸ್‌ಇ ತನಕ ಬಂದು ಸೋಲುತ್ತದೆ, ಮೂರನೆಯದು ಕರ್ನಲ್‌ನ ಸಾಲುಗಳನ್ನೆಲ್ಲ ಉರುಳಿಸಿದ ಮೇಲೆ ಸರ್ವರ್ ಸಿಗದೆ ಒದ್ದಾಡುತ್ತದೆ, ನಾಲ್ಕನೆಯದು ಏನೂ ಆಗದಂತೆ ಲಾಗಿನ್ ತೋರಿಸುತ್ತದೆ; ನಾಳೆ ಬೆಳಿಗ್ಗೆ ಈ ನಾಲ್ಕೂ ತಮ್ಮ ಪಾತ್ರ ಬದಲಿಸಿಕೊಂಡಿರಬಹುದು. ಹೀಗೆ ದಿನಕ್ಕೊಂದು ಲಕ್ಷಣ ತೋರಿಸುವ ಕಾಯಿಲೆ ಕಂಡರೆ, ನನ್ನ ಅನುಭವದಲ್ಲಿ, ಮೊದಲು ಹುಡುಕಬೇಕಾದದ್ದು ಎರಡನೆಯ ಡಿಎಚ್‌ಸಿಪಿಯನ್ನೇ.

ಗೋಣಿಕೊಪ್ಪದ ಆಚೆಯ ಒಂದು ಶಾಲೆಯಲ್ಲಿ ಇಪ್ಪತ್ತು ಥಿನ್ ಕ್ಲೈಂಟ್‌ಗಳಿದ್ದವು. ಜೂನ್ ತಿಂಗಳ ಸುರಿಮಳೆಯಲ್ಲಿ ಮಡಿಕೇರಿಯಿಂದ ಮೂರ್ನಾಡು, ವಿರಾಜಪೇಟೆ ದಾಟಿ ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಸರ್ವರ್ ಎರಡು ಸಲ ಹೊಸದಾಗಿ ಸ್ಥಾಪನೆಗೊಂಡಿತ್ತು, ಸ್ವಿಚ್ ಒಂದು ಸಲ ಬದಲಾಗಿತ್ತು, ಎರಡಕ್ಕೂ ಶಾಲೆ ಹಣ ಕೊಟ್ಟಾಗಿತ್ತು. ನಾನು ಒಂದು ಯಂತ್ರವನ್ನು ಆಯ್ದು ಹಚ್ಚಿ, ಪರದೆಯ ಮುಂದೆ ಸುಮ್ಮನೆ ಕುಳಿತೆ. ಕರ್ನಲ್ ಸಾಲುಗಳ ನಡುವೆ ಐಪಿ-ಕಾನ್ಫಿಗ್ ಎಂದು ಆರಂಭವಾಗುವ ಒಂದು ಸಾಲು ಬರುತ್ತದೆ. ವಿಳಾಸ ಯಾರಿಂದ ಬಂತು ಎಂಬುದನ್ನು ಅದರಲ್ಲೇ ಆವರಣದೊಳಗೆ ಬರೆದಿರುತ್ತದೆ. ಅಲ್ಲಿ 192.168.67.1 ಇರಬೇಕಿತ್ತು, ಏಕೆಂದರೆ ಆ ಶಾಲೆಯ ಸರ್ವರ್‌ನ ವಿಳಾಸ ಅದು. ಇದ್ದದ್ದು 192.168.0.1.

ಆ ಕೊಠಡಿಯ ಮೂಲೆಯಲ್ಲಿ, ಕಿಟಕಿಯ ಮೇಲೆ, ಸಿಬ್ಬಂದಿ ಕೊಠಡಿಗೆ ವೈಫೈ ಸಿಗಲೆಂದು ಇಟ್ಟಿದ್ದ ಒಂದು ಸಣ್ಣ ರೂಟರ್ ಇತ್ತು. ಮೇ ತಿಂಗಳಲ್ಲಿ ಗುಡುಗು ಬಂದಾಗ ಶಾಲೆಯ ಸಹಾಯಕರು ಎಲ್ಲ ತಂತಿಗಳನ್ನೂ ಕಿತ್ತಿಟ್ಟಿದ್ದರು. ಅದು ನಮ್ಮ ಕಡೆಯ ಮನೆಮನೆಯ ಅಭ್ಯಾಸ, ಒಳ್ಳೆಯ ಅಭ್ಯಾಸ. ಸಿಡಿಲಿಗೆ ಸುಟ್ಟುಹೋದ ಸ್ವಿಚ್‌ಗಳನ್ನು ಕಂಡಿರುವ ನಾನು ಅದನ್ನು ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಜೂನ್‌ನಲ್ಲಿ ಮತ್ತೆ ಜೋಡಿಸುವಾಗ, ಪ್ರಯೋಗಾಲಯದ ಸ್ವಿಚ್‌ನಿಂದ ರೂಟರ್‌ನ ನೀಲಿ ವ್ಯಾನ್ (ಹೊರಗಿನ ಜಾಲದ) ರಂಧ್ರಕ್ಕೆ ಹೋಗಬೇಕಿದ್ದ ತಂತಿ ಪಕ್ಕದ ಹಳದಿ ಲ್ಯಾನ್ (ಒಳಗಿನ ಜಾಲದ) ರಂಧ್ರಕ್ಕೆ ಹೋಗಿತ್ತು. ನೀಲಿ ರಂಧ್ರದಲ್ಲಿದ್ದಾಗ ಆ ರೂಟರ್ ತನ್ನ ವೈಫೈ ಬಳಗಕ್ಕೆ ಮಾತ್ರ ವಿಳಾಸ ಹಂಚುತ್ತಿತ್ತು. ಹಳದಿಗೆ ಬಂದೊಡನೆ ಪ್ರಯೋಗಾಲಯದ ಇಪ್ಪತ್ತೂ ಯಂತ್ರಗಳಿಗೆ ಹಂಚತೊಡಗಿತು. ತಂತಿಯನ್ನು ಒಂದು ಅಂಗುಲ ಸರಿಸಿದೆ, ಇಪ್ಪತ್ತೂ ಎದ್ದವು. ಆ ಸಹಾಯಕರ ಮುಖ ಬಾಡಿದ್ದನ್ನು ಕಂಡು ನನಗೆ ನಿಜಕ್ಕೂ ಬೇಸರವಾಯಿತು. ಅವರ ತಪ್ಪು ಏನೂ ಇರಲಿಲ್ಲ. ಯಾವ ತಂತಿ ಎಲ್ಲಿಗೆ ಎಂದು ಚೀಟಿ ಅಂಟಿಸದೆ ಹೋದ ನಮ್ಮಂಥವರದೇ ತಪ್ಪು.

ಪರೀಕ್ಷೆ ಬಹಳ ಸುಲಭ. ಸರ್ವರ್‌ನ ತಂತಿಯನ್ನು ಸ್ವಿಚ್‌ನಿಂದ ತೆಗೆಯಿರಿ. ಒಂದು ಲ್ಯಾಪ್‌ಟಾಪಿನ ವೈಫೈ ನಿಲ್ಲಿಸಿ, ಅದನ್ನು ಅದೇ ಸ್ವಿಚ್‌ಗೆ ತಂತಿಯಿಂದ ಜೋಡಿಸಿ, ವಿಳಾಸವನ್ನು ತಾನಾಗಿ ಪಡೆಯಲು ಬಿಡಿ. ಸರ್ವರ್ ಇಲ್ಲದೆಯೂ ವಿಳಾಸ ಬಂದರೆ ಕೊಡುವವರು ಬೇರೊಬ್ಬರಿದ್ದಾರೆ. 169.254 ಎಂದು ಆರಂಭವಾಗುವ ವಿಳಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯಾರೂ ಕೊಡದಿದ್ದಾಗ ಲ್ಯಾಪ್‌ಟಾಪ್ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಬೇರೆ ವಿಳಾಸ ಬಂದಿದ್ದರೆ ಗೇಟ್‌ವೇ (ಹೊರಜಾಲಕ್ಕೆ ದಾರಿಯಾದ ಯಂತ್ರ) ಯಾವುದೆಂದು ನೋಡಿ, ಅದರ ಮ್ಯಾಕ್ ಸಂಖ್ಯೆಯನ್ನು (ಜಾಲ ಯಂತ್ರಕ್ಕೆ ತಯಾರಕರು ಕೊಟ್ಟ ಗುರುತು) ಬರೆದುಕೊಂಡು, ಕಟ್ಟಡದಲ್ಲಿರುವ ರೂಟರ್‌ಗಳ ತಳದ ಚೀಟಿಗಳೊಂದಿಗೆ ಹೋಲಿಸಿ. ಚೀಟಿಯ ಸಂಖ್ಯೆಗೂ ಇದಕ್ಕೂ ಕೊನೆಯ ಅಂಕಿಯಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು.

ಬ್ರಾಡ್‌ಬ್ಯಾಂಡ್ ರೂಟರ್ ಅದೇ ಜಾಲದಲ್ಲಿ ಇರಲೇಬೇಕು ಎಂದಾದರೆ ದಾರಿ ಎರಡಿವೆ. ರೂಟರ್‌ನ ಡಿಎಚ್‌ಸಿಪಿಯನ್ನು ನಿಲ್ಲಿಸಿ ಸರ್ವರ್ ಒಂದೇ ವಿಳಾಸ ಕೊಡುವಂತೆ ಮಾಡಬಹುದು. ಇಲ್ಲವೇ ಸರ್ವರ್‌ಗೂ ರೂಟರ್‌ನ ಸಾಲಿನದೇ ವಿಳಾಸವಿಟ್ಟು, ಸರ್ವರ್‌ನ ಡಿಎಚ್‌ಸಿಪಿ ತಂತ್ರಾಂಶವಾದ ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ರೀತಿಯಲ್ಲಿ ನಡೆಸಬಹುದು. ಆಗ ವಿಳಾಸ ರೂಟರ್‌ನದು, ಬೂಟ್ ಸುದ್ದಿ ಸರ್ವರ್‌ನದು, ಇಬ್ಬರ ನಡುವೆ ಜಗಳವಿಲ್ಲ. ಯಾವುದು ಉತ್ತಮ ಎಂಬುದನ್ನು ಸ್ಥಳ ನೋಡದೆ ನಾನು ಹೇಳಲಾರೆ. ಸರ್ವರ್ ಕೆಟ್ಟ ದಿನವೂ ಕಚೇರಿಯ ಇಂಟರ್ನೆಟ್ ನಡೆಯಬೇಕು ಎನ್ನುವವರಿಗೆ ಎರಡನೆಯದು ಹೊಂದುತ್ತದೆ. ಎರಡೂ ಕಡೆ ಪೂರ್ತಿ ಡಿಎಚ್‌ಸಿಪಿ ಇಟ್ಟುಕೊಂಡು “ಹೇಗೋ ನಡೆಯುತ್ತಿದೆ” ಎಂದು ಬಿಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಎಲ್ಲ ತೊಂದರೆಗೂ ಇದೇ ಕಾರಣ ಎಂದು ಹೇಳುತ್ತಿಲ್ಲ. ಪರದೆಯ ಮೇಲೆ ಪಿಎಕ್ಸ್‌ಇ-ಇ61 ಕಂಡರೆ ತಂತಿಯನ್ನು ನೋಡಿ. ಜುಲೈ, ಆಗಸ್ಟ್‌ನ ತೇವಕ್ಕೆ ಪ್ಲಗ್‌ನೊಳಗಿನ ತಾಮ್ರದ ಗೆರೆಗಳು ಹಸಿರುಗಟ್ಟಿರುತ್ತವೆ. ಇ32 ಎಂದರೆ ಕಡತದ ದಾರಿ ತಿಳಿದಿದೆ, ಕಡತ ಕಳಿಸುವ ಟಿಎಫ್‌ಟಿಪಿ ಸೇವೆ ಉತ್ತರಿಸುತ್ತಿಲ್ಲ. ಆ ಸೇವೆಯನ್ನೂ ಫೈರ್‌ವಾಲನ್ನೂ ಪರೀಕ್ಷಿಸಿ. ಹೊಸದಾಗಿ ಕೊಂಡ ಯಂತ್ರ ಮಾತ್ರ ಬೂಟ್ ಆಗದಿದ್ದರೆ ಅದು ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ಯಂತ್ರವಿರಬಹುದು. ಅದಕ್ಕೆ ಹಳೆಯ ಬಯೋಸ್ ಯಂತ್ರಗಳ ಬೂಟ್ ಕಡತ ಆಗುವುದಿಲ್ಲ. ಬುದ್ಧಿವಂತ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ (ಜಾಲದ ತಂತಿಗಳು ಸುತ್ತು ಹಾಕಿಕೊಳ್ಳದಂತೆ ಕಾಯುವ ವ್ಯವಸ್ಥೆ) ಇದ್ದರೆ ರಂಧ್ರ ತೆರೆಯಲು ಸುಮಾರು 30 ಸೆಕೆಂಡು ಹಿಡಿಯಬಹುದು, ಅಷ್ಟರಲ್ಲಿ ಕ್ಲೈಂಟ್ ಕೇಳಿ ಸೋತಿರುತ್ತದೆ.

ಅದೇ ಶಾಲೆಯ ಕಂಪ್ಯೂಟರ್ ಶಿಕ್ಷಕಿ ಈಗ ಒಂದು ನೋಟ್‌ಪುಸ್ತಕ ಇಟ್ಟಿದ್ದಾರೆ. ಪರದೆಯ ಮೇಲೆ ಬಂದ ಸಂಕೇತವನ್ನು ಅಕ್ಷರ ಬಿಡದೆ ಅದರಲ್ಲಿ ಬರೆದುಕೊಂಡೇ ಫೋನ್ ಮಾಡುತ್ತಾರೆ. ಪುತ್ತರಿ ರಜೆಯ ಮಾರನೆಯ ದಿನ ಅವರ ಕರೆ ಬಂತು: “ಇ51 ಸಾರ್, ಎಲ್ಲ ಯಂತ್ರಗಳಲ್ಲೂ ಒಂದೇ.” ವಿಳಾಸ ಕೊಡುವವರು ಯಾರೂ ಇಲ್ಲ ಎಂದು ಅದರ ಅರ್ಥ, ಬೇರೆ ರೂಟರ್ ಒಳಗೆ ಸೇರಿಲ್ಲ ಎಂಬುದೂ ಅದರಿಂದಲೇ ತಿಳಿಯಿತು. ಸರ್ವರ್‌ನ ತಂತಿ ಕುಳಿತ ರಂಧ್ರದಲ್ಲಿ ದೀಪ ಉರಿಯುತ್ತಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಫೋನ್ ಇಡದೆ ತಂತಿಯನ್ನು ಒತ್ತಿ ಕೂರಿಸಿದರು, ಟಕ್ ಎಂದ ಸದ್ದು ನನಗೂ ಕೇಳಿಸಿತು.