ಮೆಟ್ಟಿಲಿಳಿಯಲು ಬಾರದ ಯಂತ್ರ

ಚಿತ್ರದುರ್ಗದ ಕೋಟೆಯಲ್ಲಿ ತುಪ್ಪದ ಕೊಳದ ಬಂಡೆ ಹತ್ತಿದವರಿಗೆ ಗೊತ್ತು, ನಿಜವಾದ ಕಷ್ಟ ಇಳಿಯುವಾಗ. ಪಾದದ ತುದಿ ಹಿಡಿಯುವಷ್ಟು ಕಚ್ಚು ಕೊರೆದಿದ್ದಾರೆ, ಅಷ್ಟೇ. ಹೋದ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹತ್ತುವಾಗ ಓಡಿದವನು ಇಳಿಯುವಾಗ ಅರ್ಧಕ್ಕೆ ಕೂತುಬಿಟ್ಟ. ಆಮೇಲೆ ಎರಡೂ ಕೈ ಊರಿ, ಕೂತಲ್ಲೇ ಜಾರುತ್ತಾ ಒಂದೊಂದೇ ಕಚ್ಚು ದಾಟಿದ. ‘ಮಾಮ, ನಗಬೇಡ’ ಅಂದ. ನನಗೆ ‘ರೋಬೊಕಾಪ್’ ನೆನಪಾಗಿ ನಗು ಇನ್ನೂ ಜಾಸ್ತಿಯಾಯಿತು.

ಅದು 1987ರ ಸಿನಿಮಾ, ಪಾಲ್ ವರ್ಹೂವನ್ ನಿರ್ದೇಶಿಸಿದ್ದು. ಹಾಳುಬಿದ್ದ ಡೆಟ್ರಾಯ್ಟ್ ನಗರ. ಪೊಲೀಸ್ ಇಲಾಖೆಯನ್ನೇ ಒಂದು ಕಂಪನಿ ನಡೆಸುತ್ತಿದೆ. ಸತ್ತ ಪೊಲೀಸನೊಬ್ಬನನ್ನು ಅರ್ಧ ಯಂತ್ರ ಮಾಡಿ ಮತ್ತೆ ಡ್ಯೂಟಿಗೆ ಕಳಿಸುತ್ತದೆ. ದಾವಣಗೆರೆಯಲ್ಲಿ ಓದುತ್ತಿದ್ದಾಗ ಬಾಡಿಗೆ ಕ್ಯಾಸೆಟ್ ತಂದು ನೋಡಿದ್ದೆವು. ಆಗ ಗುಂಡಿನ ಸದ್ದಿಗೆ ಶಿಳ್ಳೆ ಹಾಕಿದ್ದು. ಈಗ ನೋಡಿದರೆ ಆ ರಕ್ತ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಆದರೆ ಅದರಲ್ಲಿನ ಇನ್ನೊಂದು ಯಂತ್ರ, ಇಡಿ-209, ಇವತ್ತಿಗೂ ಹಳತಾಗಿಲ್ಲ.

ಕೋಳಿಯ ಹಾಗೆ ಹಿಂದಕ್ಕೆ ಮಡಚುವ ಕಾಲು, ಕೈ ಇರಬೇಕಾದಲ್ಲಿ ಬಂದೂಕು. ರೋಬೊಕಾಪ್‌ನನ್ನು ಅಟ್ಟಿಸಿಕೊಂಡು ಬಂದು ಮೆಟ್ಟಿಲ ತುದಿಯಲ್ಲಿ ನಿಲ್ಲುತ್ತದೆ. ಕಾಲು ಮುಂದೆ ಚಾಚುತ್ತದೆ, ತಡಕಾಡುತ್ತದೆ, ಹಿಂದೆ ಎಳೆದುಕೊಳ್ಳುತ್ತದೆ. ಇನ್ನೊಂದು ಸಲ ಧೈರ್ಯ ಮಾಡಿ ಉರುಳಿ ಬೀಳುತ್ತದೆ. ಅಂಗಾತ ಬಿದ್ದು ಕೂಸಿನ ಹಾಗೆ ಕಾಲು ಬಡಿಯುತ್ತದೆ. ಫಿಲ್ ಟಿಪ್ಪೆಟ್ ಪುಟ್ಟ ಮಾದರಿಯೊಂದನ್ನು ಒಂದೊಂದೇ ಫ್ರೇಮಿಗೆ ಕೂದಲೆಳೆಯಷ್ಟು ಸರಿಸಿ ಮಾಡಿದ ಕೆಲಸ ಅದು.

ತಮಾಷೆಗೆ ಮಾಡಿದ್ದಿರಬಹುದು, ಆದರೆ ವಿಜ್ಞಾನ ಸರಿಯಾಗಿದೆ. ಮನುಷ್ಯನಿಗೆ ಕಷ್ಟವಾದ ಲೆಕ್ಕ, ಚದುರಂಗ ಕಂಪ್ಯೂಟರಿಗೆ ಸಲೀಸು; ಮಗುವಿಗೂ ಬರುವ ನಡಿಗೆ, ನೋಟ ಅದಕ್ಕೆ ಮಹಾ ಕಷ್ಟ ಎಂದು ರೋಬಾಟ್ ತಜ್ಞ ಹ್ಯಾನ್ಸ್ ಮೊರಾವೆಕ್ ಅದೇ ದಶಕದಲ್ಲಿ ಹೇಳಿದ್ದರು. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಚದುರಂಗದಲ್ಲಿ ಸೋಲಿಸಿತು. ಒಂಬತ್ತು ವರ್ಷದ ನಂತರವೂ, 2006ರಲ್ಲಿ, ಹೋಂಡಾದ ಅಸಿಮೊ ರೋಬಾಟ್ ಜನರೆದುರೇ ಮೆಟ್ಟಿಲ ಮೇಲೆ ಬಿತ್ತು. ಇಲ್ಲೇ ಚಳ್ಳಕೆರೆ ಹತ್ತಿರ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತಾರೆ. ಆಕಾಶದಲ್ಲಿ ಮೆಟ್ಟಿಲಿಲ್ಲ, ಅಲ್ವಾ?

ಮೆಟ್ಟಿಲಿಳಿಯುವುದು ಅಂದರೆ ಬೇಕಂತಲೇ ಮುಂದಕ್ಕೆ ಬೀಳುವುದು, ಬಿದ್ದು ಮುಗಿಯುವಷ್ಟರಲ್ಲಿ ಇನ್ನೊಂದು ಕಾಲು ಕೊಟ್ಟು ತಡೆಯುವುದು. ಇಡೀ ಮೈಭಾರ ಆ ಹೊತ್ತಿಗೆ ಒಂದೇ ಕಾಲಿನ ಮೇಲೆ. ತೊಡೆಯ ಸ್ನಾಯು ಎಳೆಸಿಕೊಳ್ಳುತ್ತಲೇ ಬ್ರೇಕ್ ಹಿಡಿಯಬೇಕು. ಕೋಟೆ ನೋಡಿ ಬಂದ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಅದಕ್ಕೇ. ನಮ್ಮ ಹುಡುಗ ಕೂತು ಜಾರಿದ್ದು ಹೆದರಿಕೆಯಿಂದಲೇ ಇರಬಹುದು, ಉಪಾಯ ಮಾತ್ರ ಪಕ್ಕಾ: ಭಾರ ಕೆಳಗಿಳಿಯಿತು, ಆಸರೆ ಅಗಲವಾಯಿತು. ಇಡಿ-209ಕ್ಕೆ ಕೂರಲು ಬರುತ್ತಿರಲಿಲ್ಲ.

ಇದನ್ನೆಲ್ಲ ಸಂಭಾಳಿಸುವುದರಲ್ಲಿ ತಲೆಯ ಹಿಂಭಾಗದ ಕಿರುಮೆದುಳಿನ ಪಾಲು ದೊಡ್ಡದು. ತೂಕದಲ್ಲಿ ಮೆದುಳಿನ ಹತ್ತನೇ ಒಂದು ಭಾಗ. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇರುವುದು ಅಲ್ಲೇ.

ಈಗ ನಾಲ್ಕು ಕಾಲಿನ ರೋಬಾಟ್‌ಗಳು ಮೆಟ್ಟಿಲು ಹತ್ತಿ ಇಳಿಯುತ್ತವೆ. ಹಾಗಂತ ಸಿನಿಮಾ ಸಪ್ಪೆಯಾಗಿಲ್ಲ. ಮೆಟ್ಟಿಲಿನ ದೃಶ್ಯಕ್ಕೂ ಮುಂಚೆ, ಕಂಪನಿಯ ಮೀಟಿಂಗಿನಲ್ಲಿ ಇದೇ ಯಂತ್ರದ ಪ್ರದರ್ಶನ ನಡೆಯುತ್ತದೆ. ಬಂದೂಕು ಬಿಸಾಡಲು 20 ಸೆಕೆಂಡ್ ಕೊಡುತ್ತದೆ. ನೌಕರ ಬಿಸಾಡುತ್ತಾನೆ. ಯಂತ್ರಕ್ಕೆ ಅದು ತಿಳಿಯುವುದೇ ಇಲ್ಲ. ಸುಮ್ನೆ ಎಣಿಸುತ್ತಾ ಹೋಗಿ ಸುಟ್ಟುಬಿಡುತ್ತದೆ. ಸಣ್ಣ ದೋಷ ಅಷ್ಟೇ ಅನ್ನುತ್ತಾನೆ ದೊಡ್ಡ ಅಧಿಕಾರಿ. ನನಗೆ ಮೈ ಜುಂ ಎನ್ನಿಸುವುದು ಅಲ್ಲಿ.

ಈ ಕಥೆ ಕೇಳುತ್ತಾ ಹುಡುಗ ಕೋಟೆಯ ಬಾಗಿಲ ಕಡೆ ಬಂದ. ಕೊನೆಯ ಹತ್ತು ಮೆಟ್ಟಿಲು ಮೊಬೈಲಿನಲ್ಲಿ ಆ ದೃಶ್ಯ ಹುಡುಕುತ್ತಾ ಇಳಿದ. ಒಮ್ಮೆಯೂ ಕೆಳಗೆ ನೋಡಲಿಲ್ಲ.