ಅಪ್ಪನಿಗೆ ವಯಸ್ಸಾಯಿತೋ, ನಾವೇ ಕೂರಿಸಿಬಿಟ್ಟೆವೋ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಮೂಡಿಗೆರೆ ಕಡೆಯ ತೋಟದಲ್ಲಿ ಜೀವಮಾನವಿಡೀ ದುಡಿದವರು. ‘ಇನ್ನು ಸಾಕು, ಆರಾಮಾಗಿರಿ’ ಎಂದು ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನ ಮನೆಗೆ ಕರೆತಂದೆವು. ಬಿಪಿ, ಶುಗರ್ ಹತೋಟಿಯಲ್ಲಿವೆ. ಆದರೂ ಈಗ ಮಹಡಿ ಹತ್ತಿದರೆ ಏದುಸಿರು, ಸೋಫಾದಿಂದ ಏಳಬೇಕಾದರೆ ಕೈ ಊರಬೇಕು. ಇದು ವಯಸ್ಸಿನ ಸಹಜ ಲಕ್ಷಣವೋ, ಸುಮ್ಮನೆ ಕೂತಿದ್ದರ ಫಲವೋ? ಈ ವಯಸ್ಸಲ್ಲಿ ವ್ಯಾಯಾಮ ಶುರು ಮಾಡಿದರೆ ಪ್ರಯೋಜನ ಉಂಟೇ?

ಉತ್ತರ: ಎರಡೂ ಸೇರಿರುತ್ತದೆ. ಆದರೆ ನಿಮ್ಮ ತಂದೆಯ ವಿಷಯದಲ್ಲಿ ಕೂತಿದ್ದರ ಪಾಲೇ ಹೆಚ್ಚಿರಬಹುದು ಎಂದು ನನ್ನ ಅಂದಾಜು. ಎರಡನೇ ಪ್ರಶ್ನೆಗೆ ಉತ್ತರ ಇನ್ನೂ ಸುಲಭ: ಖಂಡಿತ ಉಂಟು.

ದೇಹ ಕುಗ್ಗುವುದರಲ್ಲಿ ವಯಸ್ಸಿನ ಪಾಲೆಷ್ಟು, ವಿಶ್ರಾಂತಿಯ ಪಾಲೆಷ್ಟು ಎಂದು ಬಿಡಿಸಿ ನೋಡುವುದಕ್ಕೇ ವೃತ್ತಿಜೀವನ ಸವೆಸಿದ ವಿಜ್ಞಾನಿಗಳಿದ್ದಾರೆ. ಅವರ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಮೊದಲು ನೆನೆಯುವುದು ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ (1935–2014) ಅವರನ್ನು. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುವ ಓರಿಯಂಟೀರಿಂಗ್ ಎಂಬ ಆಟದ ಹುಚ್ಚಿದ್ದ ಮನುಷ್ಯ. ಆ ಆಟದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಅಧ್ಯಕ್ಷರೂ ಆಗಿದ್ದರು. ಮುಂದೆ ಕೋಪನ್‌ಹೇಗನ್ನಿನಲ್ಲಿ ನೆಲೆ ನಿಂತು, ಸ್ನಾಯುವಿಗೆ ಸೂಜಿ ಹಾಕಿ ಚೂರು ಮಾಂಸ ತೆಗೆದು ಪರೀಕ್ಷಿಸುವ ವಿಧಾನದಿಂದ ವ್ಯಾಯಾಮ ವಿಜ್ಞಾನದ ದಿಕ್ಕನ್ನೇ ಬದಲಿಸಿದವರಲ್ಲಿ ಅವರೊಬ್ಬರು.

ನಿಮ್ಮ ಪ್ರಶ್ನೆಗೆ ಬೇಕಾದ್ದು ಅವರೂ ಜೊತೆಗಾರರೂ 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮಾಡಿದ ಪ್ರಯೋಗ. ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೈಮುರಿದು ದುಡಿಯುವಾಗ ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಯೊಂದಿದೆ. ದಮ್ಮಿನ ಲೆಕ್ಕ ಅನ್ನಿ. ಮಲಗುವ ಮೊದಲು ಅದು ಸರಾಸರಿ 3.3 ಲೀಟರ್ ಇತ್ತು. ಮೂರು ವಾರ ಕಳೆದು ಎದ್ದಾಗ 2.4 ಲೀಟರ್. ಕಾಲು ಭಾಗಕ್ಕೂ ಹೆಚ್ಚು ಮಾಯ! ಆಮೇಲೆ ಎರಡು ತಿಂಗಳು ಕಸರತ್ತು ಮಾಡಿಸಿದಾಗ 3.9ಕ್ಕೆ ಏರಿತು.

ನನಗೆ ಇನ್ನೂ ಸೋಜಿಗವೆನಿಸುವುದು ಇದರ ಎರಡನೇ ಅಧ್ಯಾಯ. 1996ರಲ್ಲಿ ಅದೇ ಐವರನ್ನು ಮತ್ತೆ ಹುಡುಕಿ ಕರೆಸಿದರು. ಎಲ್ಲರಿಗೂ ಐವತ್ತು ದಾಟಿತ್ತು. ತೂಕ ಕಾಲು ಭಾಗ ಏರಿತ್ತು, ಮೈಯ ಕೊಬ್ಬಿನ ಪ್ರಮಾಣ ದುಪ್ಪಟ್ಟಾಗಿತ್ತು. ದಮ್ಮು ಮಾತ್ರ 1966ರ ಮೊದಲ ಅಳತೆಗಿಂತ ಶೇ 11ರಷ್ಟು ಇಳಿದಿತ್ತು, ಅಷ್ಟೇ. ಅಂದರೆ ಮೂವತ್ತು ವರ್ಷದ ವಯಸ್ಸು ಕಿತ್ತುಕೊಂಡದ್ದಕ್ಕಿಂತ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದೇ ಹೆಚ್ಚು. ಆರು ತಿಂಗಳು ನಿಧಾನವಾಗಿ ಏರಿಸುತ್ತ ನಡಿಗೆ, ಸೈಕಲ್, ಮೆಲ್ಲೋಟ ಮಾಡಿಸಿದರು. ಐವತ್ತೊಂದರ ಗಂಡಸರು ತಮ್ಮ ಇಪ್ಪತ್ತರ ಆ ಮೊದಲ ಅಳತೆಗೆ ವಾಪಸಾದರು.

ಇಲ್ಲೊಂದು ಸೂಕ್ಷ್ಮವಿದೆ. ಹರೆಯದಲ್ಲಿ ಕಸರತ್ತು ಮಾಡಿದಾಗ ಅವರ ಹೃದಯವೇ ಹೆಚ್ಚು ರಕ್ತ ಪಂಪ್ ಮಾಡಲು ಕಲಿತಿತ್ತು. ಐವತ್ತರಲ್ಲಿ ಹೃದಯದ ಗರಿಷ್ಠ ಪಂಪಿಂಗ್ ಏರಲಿಲ್ಲ. ಬಂದ ರಕ್ತದಿಂದಲೇ ಹೆಚ್ಚು ಆಮ್ಲಜನಕ ಹೀರಿಕೊಳ್ಳಲು ಸ್ನಾಯುಗಳು ಕಲಿತವು. ವಯಸ್ಸು ಏನೂ ಮಾಡುವುದಿಲ್ಲ ಎಂದಲ್ಲ, ದೇಹ ಬೇರೆ ದಾರಿ ಹುಡುಕಿಕೊಂಡಿತು. ಐದೇ ಜನರ ಪ್ರಯೋಗ ಎಂಬ ಆಕ್ಷೇಪ ನ್ಯಾಯವೇ. ಸೋಫಾ ಮೇಲೆ ಕೂರುವುದೂ ಮೂರು ವಾರ ಮಲಗುವುದೂ ಒಂದೇ ಅಲ್ಲ. ಆದರೂ ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಿಗೆ ವೈದ್ಯರು ಹೇಳದಿದ್ದರೂ ‘ಫುಲ್ ರೆಸ್ಟ್’ ಕೊಡುವ ನಮ್ಮ ಪ್ರೀತಿಯನ್ನು ಕಂಡಾಗಲೆಲ್ಲ ನನಗೆ ಡಲ್ಲಾಸ್ ನೆನಪಾಗುತ್ತದೆ.

ದಮ್ಮಿನ ಮಾತಾಯಿತು. ಸೋಫಾದಿಂದ ಏಳಲು ಕೈ ಊರುವುದು ತೊಡೆಯ ಬಲದ ಪ್ರಶ್ನೆ. ಅದಕ್ಕೆ 1990ರಲ್ಲಿ ಉತ್ತರ ಕೊಟ್ಟವರು ಬಾಸ್ಟನ್ನಿನ ಮರಿಯಾ ಫಿಯಾಟರೋನ್. ವೃದ್ಧಾಶ್ರಮದಲ್ಲಿದ್ದ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಡೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174 ಏರಿತು. ಇಬ್ಬರು ಊರುಗೋಲು ಬಿಟ್ಟರು. ಅವರ ಮುಂದೆ ನಿಮ್ಮ ತಂದೆ ಹುಡುಗ.

ಈಗ ನಿಮ್ಮ ಮನೆಗೆ ಬರೋಣ. ತೋಟದಲ್ಲಿ ಅಪ್ಪನಿಗೆ ವ್ಯಾಯಾಮ ಅನ್ನುವುದು ಬೇರೆ ಇರಲಿಲ್ಲ. ಇಳಿಜಾರು ಹತ್ತಿಳಿಯುವುದು, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಏಳುವುದು, ಕಣದಲ್ಲಿ ಕಾಫಿ ಹರವುವುದು, ಮೂಟೆಗೆ ಕೈ ಕೊಡುವುದು, ನೆಲದ ಮೇಲೆ ಊಟ. ಪೇಟೆ ಮನೆಯಲ್ಲಿ ಕಮೋಡ್, ಡೈನಿಂಗ್ ಟೇಬಲ್, ಮಂಚ, ಸೋಫಾ. ಮೊಣಕಾಲು ಪೂರ್ತಿ ಮಡಚಿ ಏಳುವ ಸಂದರ್ಭವೇ ಇಲ್ಲ. ಅದರ ಮೇಲೆ ಮಲೆನಾಡಿನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಪಕ್ಕ ಕೂತು ಪೇಪರ್ ಓದಿದರೆ ತೊಡೆಯಲ್ಲಿ ಏನುಳಿದೀತು? ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು ಒಳ್ಳೆಯದೇ, ಆದರೆ ಸಮತಟ್ಟಿನ ನಡಿಗೆ ಈ ನಷ್ಟವನ್ನು ತುಂಬಿಕೊಡದು.

ಮೊದಲು ಒಂದು ಪರೀಕ್ಷೆ. ಗೋಡೆಗೆ ಒತ್ತಿಟ್ಟ, ಕೈಯಾಸರೆ ಇಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ, ನೀವು ಪಕ್ಕದಲ್ಲೇ ನಿಂತು ಸಮಯ ನೋಡಿ. 15 ಸೆಕೆಂಡ್ ಮೀರಿದರೆ ಕಾಲಿನ ಬಲ ಕುಂದಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅಚ್ಚರಿಯೆಂದರೆ ಮದ್ದೂ ಇದೇ. ಕಷ್ಟವಾದರೆ ಕುರ್ಚಿಗೆ ದಿಂಬು ಹಾಕಿ ಎತ್ತರಿಸಿ ಶುರು ಮಾಡಿ. ಹತ್ತು ಸಲ ಸಲೀಸಾದರೆ ದಿಂಬು ತೆಗೆಯಿರಿ. ಆಮೇಲೆ ಕೈಗೆ ಎರಡು ಕೆಜಿ ಅಕ್ಕಿಯ ಚೀಲ ಕೊಡಿ. ಏರಿಸುತ್ತ ಹೋಗದಿದ್ದರೆ ಬಲ ಬರದು. ವಾರಕ್ಕೆ ಎರಡು ಮೂರು ದಿನ ಸಾಕು. ಉಳಿದ ದಿನ ರತ್ನಗಿರಿ ಬೋರೆಯ ಏರು ಹತ್ತಲಿ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗದಲ್ಲಿ. ವಾರಕ್ಕೆ ಒಟ್ಟು 150 ನಿಮಿಷದ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದೆ. ಬೀಳದಿರಲು ಸಮತೋಲನದ ಅಭ್ಯಾಸವನ್ನೂ ಅದು ಹಿರಿಯರಿಗೆ ಹೇಳುತ್ತದೆ. ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದರಿಂದ ಆರಂಭಿಸಬಹುದು.

ಊಟದಲ್ಲಿ ಬರೀ ಕಡುಬು, ಅಕ್ಕಿರೊಟ್ಟಿ ಸಾಲದು. ಮೊಟ್ಟೆಯೋ ಮೀನೋ ಕಾಳೋ ಮೊಸರೋ ಮೂರು ಹೊತ್ತೂ ಇರಲಿ. ಸ್ನಾಯು ಕಟ್ಟಲು ಪ್ರೊಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ವೈದ್ಯರನ್ನು ಕೇಳಿ.

ಇಷ್ಟಕ್ಕೂ ಮೊದಲು ಒಂದು ಕೆಲಸ. ಏದುಸಿರು ಕೂತಿದ್ದರಿಂದಲೇ ಬಂದದ್ದು ಎಂದು ನಾನು ದೂರದಿಂದ ಹೇಳಲಾಗದು. ರಕ್ತಹೀನತೆ, ಹೃದಯ, ಶ್ವಾಸಕೋಶದ ತೊಂದರೆಯಲ್ಲೂ ಹೀಗಾಗುತ್ತದೆ. ಶುರು ಮಾಡುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿ. ಎದೆ ಬಿಗಿತ, ಕಾಲು ಊತ, ಮಲಗಿದಾಗಲೂ ಉಸಿರು ಕಟ್ಟುವುದು ಇದ್ದರೆ ನಾಳೆಗೂ ಮುಂದೂಡಬೇಡಿ. ಎಲ್ಲ ಸರಿ ಎಂದರೆ ಕೊಯ್ಲಿನ ಹೊತ್ತಿಗೆ ಅಪ್ಪನನ್ನು ತೋಟಕ್ಕೆ ಕಳಿಸಿ, ಕೈಲಾದಷ್ಟು ಓಡಾಡಿಕೊಂಡಿರಲಿ. ಮೆಣಸು ಬಿಡಿಸುವ ಏಣಿ ಮಾತ್ರ ಹತ್ತಿಸಬೇಡಿ.