ಗಟಾರ ಬಳಿಸಿದರೆ ಮಲೇರಿಯಾ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಓಣಿಯ ಗಟಾರ ತುಂಬಿ ನಾರುತ್ತಿದೆ, ಸಂಜೆಯಾದರೆ ಸೊಳ್ಳೆ ಮುತ್ತುತ್ತವೆ. ಮಲೇರಿಯಾ ಬರುವುದು ಇದರಿಂದಲೇ ಅಲ್ಲವೇ?

ಉತ್ತರ: ಅಲ್ಲ. ಮಳೆಗಾಲ ಬಂತೆಂದರೆ ರಾಯಚೂರಿನಿಂದ ಸಿರುಗುಪ್ಪದವರೆಗೆ ಇದೇ ಪ್ರಶ್ನೆ, ಇದೇ ಉತ್ತರ. ಗಟಾರ ಬಳಿಸಿ, ಬೇಡ ಅಂದವರಾರು? ಆದರೆ ಅಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಎಂಬ ಜಾತಿಯ ಸೊಳ್ಳೆ. ಅದು ಆನೆಕಾಲು ರೋಗ ಹರಡೀತು, ಮಲೇರಿಯಾ ಹರಡಲಾರದು. ಮಲೇರಿಯಾ ಅನಾಫಿಲಿಸ್ ಹೆಣ್ಣುಸೊಳ್ಳೆಯ ಕೆಲಸ, ಅದಕ್ಕೆ ಇಷ್ಟ ತಿಳಿನೀರು. ಪೇಟೆಯಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಬಗೆ ಟ್ಯಾಂಕು, ಬಾವಿ, ತೊಟ್ಟಿ ಹುಡುಕುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಅನಾಫಿಲಿಸ್ ಕ್ಯುಲಿಸಿಫೇಸಿಸ್‌ಗೆ ಕಾಲುವೆಯ ಬಸಿನೀರು ನಿಂತ ಗುಂಡಿ, ಈಗಷ್ಟೇ ನಾಟಿಯಾದ ಗದ್ದೆ ಸಾಕು.

ನಂಬಿಕೆ ಬಾರದಿದ್ದರೆ ಬಿಳಿ ಬಟ್ಟಲಲ್ಲಿ ನೀರು ಮೊಗೆದು ನೋಡಿ. ಗಟಾರದ ಮರಿ ಬಾಲದ ಉಸಿರುಕೊಳವೆಯನ್ನು ಮೇಲೆ ಚಾಚಿ ತಲೆಕೆಳಗಾಗಿ ಜೋತುಬೀಳುತ್ತದೆ. ಅನಾಫಿಲಿಸ್ ಮರಿಗೆ ಆ ಕೊಳವೆಯೇ ಇಲ್ಲ, ಹಾಗಾಗಿ ನೀರಿನ ಮೇಲೆ ಅಡ್ಡ ಮಲಗಿ ಉಸಿರಾಡುತ್ತದೆ. ಗೋಡೆ ಮೇಲೂ ಗುರುತು ಸಿಗುತ್ತದೆ: ಹಿಂಭಾಗ ಎತ್ತಿ ಓರೆಯಾಗಿ ಕೂತದ್ದು ಅನಾಫಿಲಿಸ್, ಗೋಡೆಗೆ ಸಮವಾಗಿ ಕೂತದ್ದು ಕ್ಯೂಲೆಕ್ಸ್. ಇಷ್ಟಾದ ಮೇಲೂ ಗಟಾರದ ದಂಡೆಗೆ ಬ್ಲೀಚಿಂಗ್ ಪುಡಿ ಎರಚಿ "ಮಲೇರಿಯಾ ತಡೆ" ಎಂದು ಫೋಟೊ ತೆಗೆಸಿಕೊಳ್ಳುವವರಿಗೆ ಏನು ಹೇಳುವುದು!

ನಳ ವಾರಕ್ಕೊಮ್ಮೆ ಬರುವ ಕಡೆ ಬ್ಯಾರಲ್ ತುಂಬಿಡದೆ ಗತಿಯಿಲ್ಲ, ಗೊತ್ತು. ನಮ್ಮ ಸೆಕೆಗೆ ಮೊಟ್ಟೆ ಸೊಳ್ಳೆಯಾಗಲು 8–10 ದಿನ ಸಾಕು. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ. ತಳದಲ್ಲಿ ನಾಲ್ಕು ಬೆರಳು ನೀರು ಬಿಟ್ಟು ಮೇಲೆ ಹೊಸನೀರು ತುಂಬಿದರೆ ಮರಿಗಳು ಅಲ್ಲೇ ಬೆಳೆಯುತ್ತವೆ. ಒಳಗೋಡೆಯನ್ನೂ ತಿಕ್ಕಿ, ಡೆಂಗಿ ಸೊಳ್ಳೆಯ ಮೊಟ್ಟೆ ಅಂಟಿರುವುದು ಅಲ್ಲಿ. ಮಾಳಿಗೆಯ ಟ್ಯಾಂಕಿಗೆ ಮುಚ್ಚಳವಿದ್ದರೂ ಓವರ್‌ಫ್ಲೋ ಪೈಪಿನ ಬಾಯಿ ತೆರೆದೇ ಇರುತ್ತದೆ. ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಬರಿದು ಮಾಡಲಾಗದ ಬಾವಿಗೆ ಗಪ್ಪಿ ಮೀನು ಬಿಡಿ.

ಇನ್ನೊಂದು. ಹೋದ ವರ್ಷ ಮಲೇರಿಯಾ ಬಂದವರಿಗೇ ಮತ್ತೆ ಬಂದರೆ ಪ್ರತಿ ಸಲವೂ ಹೊಸ ಸೊಳ್ಳೆಯ ತಲೆಗೆ ಕಟ್ಟಬೇಡಿ. ಮಲೇರಿಯಾದ ಒಂದು ಬಗೆಯಾದ ವೈವಾಕ್ಸ್‌ನ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. 3 ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ, ಅಡಗಿದ್ದನ್ನು ಕೊಲ್ಲುವುದು 14 ದಿನದ ಪ್ರೈಮಾಕ್ವಿನ್. ಜ್ವರ ಬಿಟ್ಟೊಡನೆ ಗುಳಿಗೆಯನ್ನೂ ಬಿಡುವವರೇ ಹೆಚ್ಚು. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಆದ್ದರಿಂದ ಒಬ್ಬರಿಗೆ ಬರೆದ ಚೀಟಿ ತೋರಿಸಿ ತಂದು ಮನೆಮಂದಿಗೆಲ್ಲ ಹಂಚಬೇಡಿ, ರಕ್ತ ಪರೀಕ್ಷೆ ಮಾಡಿಸಿದವರು ಮಾತ್ರ ವೈದ್ಯರು ಹೇಳಿದಷ್ಟು ನುಂಗಲಿ.